ಒಂಬತ್ತನೇ ಮೆಟ್ಟಿಲು

ಲೋಕಪಾವನಿ ಹೊಳೆಯ ದಂಡೆಯಲ್ಲಿ ಮೂರು ಹಳೆಯ ಛತ್ರಗಳಿವೆ. ಮೂರಕ್ಕೂ ಹೊಳೆಯ ಹೆಸರೇ. ಮೊದಲನೆಯದು ನಾಗಮಂಗಲದ ಕಡೆ, ಹೊಳೆ ಬೆಟ್ಟಗುಡ್ಡ ಬಿಟ್ಟು ಬಯಲಿಗೆ ಇಳಿಯುವಲ್ಲಿ. ಎರಡನೆಯದು ಪಾಂಡವಪುರದ ಹತ್ತಿರ. ಮೂರನೆಯದು ಶ್ರೀರಂಗಪಟ್ಟಣಕ್ಕೆ ಈಚೆ, ಹೊಳೆ ಹೋಗಿ ಕಾವೇರಿಗೆ ಸೇರುವ ಜಾಗದಲ್ಲಿ. ಎತ್ತಿನಗಾಡಿಯ ಕಾಲದಲ್ಲಿ ಕಟ್ಟಿಸಿದವರಿಗೆ ಬೇರೆ ಬೇರೆ ಹೆಸರು ಹುಡುಕಲು ಪುರುಸೊತ್ತು ಇರಲಿಲ್ಲವೋ ಏನೋ, ಮೂರರ ಬಾಗಿಲ ಮೇಲೂ ಕಲ್ಲಿನಲ್ಲಿ ಕೊರೆದಿರುವುದು ಒಂದೇ: ಲೋಕಪಾವನಿ ಛತ್ರ. ಜನ ತಮ್ಮ ಅನುಕೂಲಕ್ಕೆ ಮೇಲ್ಛತ್ರ, ನಡುಛತ್ರ, ಕೆಳಛತ್ರ ಎಂದು ಕರೆದುಕೊಂಡರು. ಈಗ ಹಾಗೆ ಕರೆಯುವವರೂ ಕಮ್ಮಿ.

ನಡುಛತ್ರದ ಕಾವಲು ಇಫ್ಫತ್‌ಳದು. ಅವಳಿಗೆ ನಲವತ್ತೇಳು ವರ್ಷ. ಅವಳ ಮುತ್ತಜ್ಜ ಛತ್ರದ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಕುದುರೆ ಹೋದ ಮೇಲೆ ಅಜ್ಜ ಗಾಡಿ ಎತ್ತುಗಳಿಗೆ ನೀರು ತೋರಿಸಿದ. ಎತ್ತುಗಳೂ ಹೋದ ಮೇಲೆ ಅಪ್ಪ ಜಲೀಲ್ ಬಾಗಿಲು ಕಾದ. ಕಾಯುವುದಕ್ಕೆ ಏನೂ ಉಳಿಯದ ಕಾಲಕ್ಕೆ ಕಾವಲು ಇಫ್ಫತ್‌ಳ ಪಾಲಿಗೆ ಬಂತು. ಹಗಲು ರವಿಕೆ ಹೊಲಿದು, ಸಂಜೆ ಕಾಲೇಜಿಗೆ ಹೋಗಿ ಅವಳು ಬಿ.ಎ. ಮುಗಿಸಿದ್ದಳು. ಅದರಿಂದ ಅವಳಿಗೆ ಸಿಕ್ಕಿದ್ದು ಯಾವ ಕಾಗದವನ್ನೇ ಆಗಲಿ ಎರಡು ಸಲ ಓದುವ ಅಭ್ಯಾಸ ಮತ್ತು ಎರಡು ಸಲ ಓದಿದ ಮೇಲೂ ಬಿಡದ ಅನುಮಾನ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಪ್ಪ ಬಿಟ್ಟುಹೋದ ಹೊಲಿಗೆ ಯಂತ್ರ, ಹನ್ನೆರಡು ಕಂಬದ ಪಡಸಾಲೆ, ತಂಗಿದವರ ಹೆಸರು ಬರೆಸುವ ರಟ್ಟಿನ ಪುಸ್ತಕ, ಇಷ್ಟರ ನಡುವೆ ಅವಳು ಒಬ್ಬಳೇ ಇದ್ದಳು. ಪುಸ್ತಕದಲ್ಲಿ ಕೊನೆಯ ಹೆಸರು ಬಿದ್ದು ಎರಡು ವರ್ಷದ ಮೇಲಾಗಿತ್ತು.

ಒಂದು ಕೆಲಸ ಮಾತ್ರ ಉಳಿದಿತ್ತು. ಅದು ಹೊಳೆಯ ಕೆಲಸ.

ಬೇಸಿಗೆಯಲ್ಲಿ ಲೋಕಪಾವನಿಯನ್ನು ಹೊಳೆ ಎಂದರೆ ಚಿಕ್ಕ ಮಕ್ಕಳೂ ನಗುತ್ತಾರೆ. ಆದರೆ ಅದು ಬೆಟ್ಟದ ನೀರು. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಅಲ್ಲಿ ಮೇಲೆ ಮಳೆ ಹೊಯ್ದು, ನಾಲ್ಕು ಗಂಟೆ ಹೊತ್ತಿನ ಮೇಲೆ ಒಂದಾಳುದ್ದದ ಕೆಂಪು ನೀರು ಹೇಳದೆ ಕೇಳದೆ ಬಂದು ನಿಲ್ಲುತ್ತದೆ. ಅದಕ್ಕೇ ಹಳಬರು ಒಂದು ಕಟ್ಟು ಮಾಡಿದ್ದರು. ಮೇಲ್ಛತ್ರದಲ್ಲಿ ಹೊಳೆಗಿಳಿಯುವ ಮೆಟ್ಟಿಲುಗಳಲ್ಲಿ, ಕೆಳಗಿನಿಂದ ಎಣಿಸಿದರೆ ಒಂಬತ್ತನೆಯದು ಮುಳುಗಿದ ಕೂಡಲೇ ಅಲ್ಲಿನ ಕಾವಲುಗಾರ ನಡುಛತ್ರಕ್ಕೆ ಹೇಳಿಕಳಿಸಬೇಕು. ನಡುಛತ್ರದವರು ಹೊಳೆ ದಾಟುವ ದಾರಿಗೆ ಅಡ್ಡಮರ ಹಾಕಿ ಕೆಳಛತ್ರಕ್ಕೆ ತಿಳಿಸಬೇಕು. ಸುದ್ದಿ ಮೇಲಿನಿಂದ ಕೆಳಕ್ಕೆ ಬರಬೇಕೇ ಹೊರತು ಕೆಳಗಿನವರು ಮೇಲಿನವರನ್ನು ಕೇಳುವಂತಿಲ್ಲ. ಆಗ ಸುದ್ದಿ ತರುತ್ತಿದ್ದವನು ಓಡುವ ಆಳು. ಕೇಳಿ ಕಳಿಸಿದ್ದಕ್ಕೆ ಉತ್ತರ ಹೊತ್ತು ಅವನು ಕೆಳಗೆ ಬಂದುಬಿಟ್ಟರೆ, ಹೊಳೆ ನಿಜವಾಗಿ ಏರಿದಾಗ ಮೇಲೆ ಓಡುವುದಕ್ಕೆ ಯಾರಿರುತ್ತಾರೆ? ಈಗ ಓಡುವ ಆಳಿಲ್ಲ, ಎಲ್ಲರ ಕೈಯಲ್ಲೂ ಫೋನಿದೆ. ಆದರೂ ಕೇಳಬಾರದೆನ್ನುವ ಕಟ್ಟು ಹಾಗೇ ಉಳಿದಿತ್ತು. ಅಪ್ಪ ಕೇಳಿರಲಿಲ್ಲ. ಇಫ್ಫತ್‌ಳೂ ಕೇಳಿರಲಿಲ್ಲ.

ಮೇಲ್ಛತ್ರದ ಕಾವಲುಗಾರ ಮರಿಯಯ್ಯ. ಅವನನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ವರ್ಷಕ್ಕೆ ನಾಲ್ಕೋ ಐದೋ ಸಲ, ಮಳೆಗಾಲದಲ್ಲಿ, ಅವನ ಫೋನು ಬರುತ್ತಿತ್ತು. "ಇಫ್ಫತ್ತಮ್ಮ, ನೀರು ಹೊಂಟೈತೆ ಕಣವ್ವ." ಅವಳು "ಸರಿ ಅಣ್ಣ" ಎನ್ನುತ್ತಿದ್ದಳು. ಅಷ್ಟೇ. ಅರ್ಧ ನಿಮಿಷವೂ ಹಿಡಿಯದ ಆ ಮಾತಿಗಾಗಿ ಅವಳು ಮುಂಗಾರು ಶುರುವಾಗುವ ಹೊತ್ತಿಗೆ ಫೋನನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದಳು. ಅವಳನ್ನು ಹೆಸರು ಹಿಡಿದು ಅವ್ವ ಎಂದು ಕರೆಯುವ ದನಿ ಬೇರೆ ಇರಲಿಲ್ಲ.

ಈ ವರ್ಷ ಆ ದನಿಯೇ ಅವಳನ್ನು ಕಷ್ಟಕ್ಕೆ ಹಾಕಿತು.

ಜೂನ್ ಕೊನೆಯಲ್ಲಿ ಫೋನು ಬಂತು. ಇಫ್ಫತ್ ತಗ್ಗಿನ ಸೇತುವೆ ದಾಟಿ ಆಚೆ ದಡದ ಅಡ್ಡಮರ ಇಳಿಸಿ ಕಟ್ಟಿದಳು, ಹಿಂದಕ್ಕೆ ಬಂದು ಈಚೆಯದನ್ನೂ ಇಳಿಸಿದಳು, ಕೆಳಛತ್ರದ ಹೊನ್ನಪ್ಪನಿಗೆ ಹೇಳಿದಳು. ನಾಲ್ಕು ಗಂಟೆ ಕಳೆಯಿತು, ಆರಾಯಿತು, ಬೆಳಗೂ ಆಯಿತು. ಹೊಳೆಯಲ್ಲಿ ಪಾದ ಮುಳುಗುವಷ್ಟೇ ನೀರು. ಆಗಸ್ಟಿನಲ್ಲಿ ಇನ್ನೊಂದು ಸಲ ಹೀಗೇ ಆಯಿತು. ಆ ಸಲ ಆಚೆ ಊರಿನ ಡೈರಿ ಹಾಲಿನ ಕ್ಯಾನುಗಳು ಅಡ್ಡಮರದ ಹಿಂದೆ ಸಾಲಾಗಿ ನಿಂತು, ವ್ಯಾನು ಸುತ್ತಿ ಬರುವ ಹೊತ್ತಿಗೆ ಹಾಲೆಲ್ಲ ಕೆಟ್ಟುಹೋಯಿತು.

ಡೈರಿ ನೋಡಿಕೊಳ್ಳುವ ಚಲುವರಾಜು ಟ್ರಾಕ್ಟರನ್ನು ಸೇತುವೆಯ ಮೇಲೆ ತಂದು ನಿಲ್ಲಿಸಿ, ಇಳಿದು, ಪಂಚೆ ಎತ್ತಿ ನೀರಿನಲ್ಲಿ ಕಾಲು ತೋರಿಸಿದ.

"ನೋಡಕ್ಕ, ನಿನ್ನ ಪ್ರವಾಹ. ನನ್ನ ಹಿಮ್ಮಡಿ ನೆಂದೈತೆ. ಯಾರಾದ್ರೂ ಬಂದು ಕಾಪಾಡ್ತಾರೋ?"

ಹಿಂದೆ ನಿಂತವರು ನಕ್ಕರು.

"ಮೇಲಿಂದ ಹೇಳಿದ್ರು ಚಲುವರಾಜಣ್ಣ."

"ಯಾವ ಮೇಲಿಂದ? ಆಕಾಸದಿಂದ್ಲಾ? ನಾನೂರು ಲೀಟ್ರು ಹಾಲು ಕಣಕ್ಕ. ನಿಂಗೆ ಒಬ್ಳಿಗೆ ಬೇಜಾರಾಯ್ತದೆ, ಒಪ್ತೀನಿ. ಅದ್ಕೆ ಊರ್ನೆಲ್ಲಾ ಕಟ್ಟಾಕ್ತೀಯಾ?"

ಆ ಮಾತಿಗೆ ಯಾರೂ ನಗಲಿಲ್ಲ. ಚಲುವರಾಜುಗೂ ಅದು ಹೆಚ್ಚಾಯಿತು ಅನ್ನಿಸಿರಬೇಕು, ಬೇರೆ ಕಡೆ ನೋಡಿದ. ಆದರೆ ಪಂಚಾಯಿತಿಯಲ್ಲಿ ಮಾತು ಎತ್ತಿದ. ಇನ್ನೊಂದು ಸಲ ಸುಳ್ಳಾದರೆ ಅಡ್ಡಮರ ಎರಡನ್ನೂ ಕಿತ್ತುಹಾಕುವುದು, ಛತ್ರಕ್ಕೆ ಬೀಗ ಹಾಕಿ ಬೀಗದ ಕೈ ಕಚೇರಿಗೆ ಒಪ್ಪಿಸುವುದು ಎಂದು ತೀರ್ಮಾನವಾಯಿತು. ಆ ಕಾಗದ ಕೈಗೆ ಬಂದಾಗ ಇಫ್ಫತ್ ಎರಡು ಸಲ ಓದಿದಳು. ನಾಲ್ಕು ತಲೆಮಾರು ಒಂದು ಬಾಗಿಲು ಕಾದವರಿಗೆ ಬಾಗಿಲಿನ ಹೊರಗೆ ಊರೆಂಬುದೇ ಇರುವುದಿಲ್ಲ. ಎಲ್ಲಿಗೆ ಹೋಗುವುದೆಂದು ಅವಳಿಗೆ ಹೊಳೆಯಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಮರಿಯಯ್ಯನ ವಿಷಯ. ಅವನು ಸುಳ್ಳು ಹೇಳಿದನೇ? ಕಣ್ಣು ಮಂಜಾಯಿತೇ? ಅಥವಾ ಚಲುವರಾಜು ಅವಳಿಗೆ ಅಂದ ಮಾತು ಅಲ್ಲಿಗೇ ಸರಿಯಾಗಿ ತಾಗುತ್ತದೆಯೇ, ಒಬ್ಬನೇ ಕೂತು ಬೇಸರಕ್ಕೆ ಫೋನು ತಿರುಗಿಸಿದನೇ? ಮೂರನೇ ಸಲ ಫೋನು ಬಂದರೆ ಏನು ಮಾಡಬೇಕು? ಅಡ್ಡಮರ ಹಾಕಿ ನೀರು ಬರದಿದ್ದರೆ ಛತ್ರ ಹೋಗುತ್ತದೆ. ಹಾಕದೆ ನೀರು ಬಂದರೆ ಸೇತುವೆಯ ಮೇಲೆ ಹೋಗುವವರು ಕೊಚ್ಚಿಹೋಗುತ್ತಾರೆ. ಸೆಪ್ಟೆಂಬರೆಲ್ಲ ಇದನ್ನೇ ಯೋಚಿಸಿದಳು. ಫೋನಿನಲ್ಲಿ ಮರಿಯಯ್ಯನ ಹೆಸರು ತೆರೆದು, ಒತ್ತದೆ ಮುಚ್ಚಿದಳು. ಕೇಳುವ ಹಾಗಿಲ್ಲ. ಹೋಗಿ ನೋಡಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಅಕ್ಟೋಬರಿನ ಎರಡನೇ ವಾರ, ಬಿಸಿಲು ಚೆನ್ನಾಗಿದ್ದ ಒಂದು ಬೆಳಗ್ಗೆ ಅವಳು ಬಾಗಿಲಿಗೆ ಬೀಗ ಹಾಕಿದಳು. ಮೂರು ಸಲ ಹಿಂದಿರುಗಿ ಬಂದು ಬೀಗ ಜಗ್ಗಿ ನೋಡಿದಳು. ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಅಡ್ಡಮರಗಳು ಮೇಲೆತ್ತಿಕೊಂಡು ನಿಂತಿದ್ದವು. ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಯಾರಿದ್ದರು?

ಬಸ್ಸಿನಲ್ಲಿ ಕಂಡಕ್ಟರು ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟು ಹರಿದುಕೊಟ್ಟ. ಜಕ್ಕನಹಳ್ಳಿ ದಾಟಿದ ಮೇಲೆ ನೆಲ ಒಣಗುತ್ತಾ ಬಂತು. ಕಬ್ಬು, ಭತ್ತ ಹೋಗಿ ರಾಗಿ, ಹುರುಳಿ, ಬಂಡೆ ಬಂದವು. ನಾಗಮಂಗಲದಲ್ಲಿ ಇಳಿದು ಆಟೋ ಹಿಡಿದು, ಆಟೋದವನಿಗೆ ಛತ್ರದ ಹೆಸರು ಗೊತ್ತಿಲ್ಲದೆ ಹೊಳೆಯ ಗುರುತು ಹೇಳಿ ಹೋದಳು.

ಮೇಲ್ಛತ್ರದ ಮುಂದೆ ಹೋಗಿ ನಿಂತಳು. ಅವಳದೇ ಮನೆ. ಅದೇ ಹನ್ನೆರಡು ಕಂಬ, ಬಾಗಿಲ ಮೇಲೆ ಅದೇ ಅಕ್ಷರ, ನಡುವೆ ಸವೆದು ಗುಳಿಬಿದ್ದ ಅದೇ ಹೊಸ್ತಿಲು. ಅಂಗಳದಲ್ಲಿ ಕುದುರೆ ಹತ್ತುವವರು ಕಾಲಿಡುತ್ತಿದ್ದ ಕಲ್ಲು ಕೂಡ ಹಾಗೇ ಇತ್ತು. ಒಳಗೆ ಕಾಲಿಟ್ಟು ಫೋನು ಇಡಲು ದೀಪದ ಗೂಡಿಗೆ ಕೈ ಚಾಚಿದರೆ ಕೈ ಗೋಡೆಗೆ ತಗುಲಿತು. ಗೂಡು ಎದುರು ಗೋಡೆಯಲ್ಲಿತ್ತು. ಇಲ್ಲಿ ಛತ್ರ ಹೊಳೆಯ ಇನ್ನೊಂದು ದಡದಲ್ಲಿದೆ, ಹಾಗಾಗಿ ಎಡದ್ದೆಲ್ಲ ಬಲಕ್ಕೆ ಬಂದಿದೆ ಎಂದು ಅವಳಿಗೆ ಆಮೇಲೆ ಅರ್ಥವಾಯಿತು.

"ಯಾರವ್ವ ಅದು?"

ದನಿ ಅವಳಿಗೆ ಗೊತ್ತಿತ್ತು. ಆಳು ಗೊತ್ತಿರಲಿಲ್ಲ. ಫೋನಿನ ದನಿಗೆ ಅವಳು ಎತ್ತರದ, ದಪ್ಪ ಮೀಸೆಯ ಮನುಷ್ಯನನ್ನು ಜೋಡಿಸಿಕೊಂಡಿದ್ದಳು. ಕಂಬದ ಹಿಂದಿನಿಂದ ಬಂದವನು ಒಂದು ಹಿಡಿಯಷ್ಟಿದ್ದ. ತಲೆಗೆ ಮಫ್ಲರು, ಮೈಗೆ ಯಾವುದೋ ಶಾಲೆಯ ನೀಲಿ ಸ್ವೆಟರು. ಎಪ್ಪತ್ತು ದಾಟಿರಬೇಕು.

"ನಾನು ಅಣ್ಣ. ಇಫ್ಫತ್. ನಡುಛತ್ರದವಳು."

ಮರಿಯಯ್ಯ ಬಹಳ ಹೊತ್ತು ಅವಳ ಮುಖ ನೋಡಿದ. ಆಮೇಲೆ ಮೊದಲು ಕೇಳಿದ್ದು, "ಗೇಟು ಯಾರು ನೋಡ್ತಾವ್ರೆ?"

ಅವಳು ತಲೆ ತಗ್ಗಿಸಿದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಒಳಗೆ ಹೋಗಿ ರಟ್ಟಿನ ಪುಸ್ತಕ ತಂದ.

"ಹೆಸ್ರು ಬರಿಯವ್ವ. ಬಂದೋರು ಬರೀಲೇಬೇಕು."

ಪುಸ್ತಕವೂ ಅದೇ ತರದ್ದು. ಕೊನೆಯ ಹೆಸರು ಆರು ವರ್ಷ ಹಳೆಯದು. 'ಎಲ್ಲಿಂದ' ಎಂದಿದ್ದ ಕಡೆ ಅವಳು ಲೋಕಪಾವನಿ ಛತ್ರ ಎಂದು ಬರೆದಳು. 'ಎಲ್ಲಿಗೆ' ಎಂದಿದ್ದ ಕಡೆ ಒಂದು ಗಳಿಗೆ ಪೆನ್ನು ನಿಂತಿತು. ಅಲ್ಲಿಯೂ ಲೋಕಪಾವನಿ ಛತ್ರ ಎಂದೇ ಬರೆದಳು. ಮರಿಯಯ್ಯ ಪುಸ್ತಕವನ್ನು ದೂರ ಹಿಡಿದು ಓದಿ, ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿ ಮುಚ್ಚಿಟ್ಟ. ಕಣ್ಣೇನೂ ಮಂಜಾಗಿರಲಿಲ್ಲ.

ಮುದ್ದೆ, ಹುರುಳಿ ಸಾರು ಬಡಿಸಿದ. ಇಬ್ಬರೂ ಎದುರುಬದುರು ಕೂತು ಮಾತಿಲ್ಲದೆ ಉಂಡರು. ಫೋನಿನಲ್ಲಾದರೆ ಒಂದು ಮಾತಿಗೆ ಒಂದು ಮಾತು ಗೊತ್ತಾಗಿತ್ತು. ಇಲ್ಲಿ ಏನು ಆಡಬೇಕೆಂದು ಇಬ್ಬರಿಗೂ ತಿಳಿಯದು. ಕೈ ತೊಳೆದು ಬಂದ ಮೇಲೆ ಇಫ್ಫತ್ ಧೈರ್ಯ ಮಾಡಿದಳು.

"ಈ ವರ್ಷ ಎರಡು ಸಲ ಹೇಳಿದ್ರಲ್ಲ ಅಣ್ಣ. ನೀರು ಬರಲಿಲ್ಲ."

"ಬರ್ನಿಲ್ವಾ?"

"ಇಲ್ಲ."

ಮರಿಯಯ್ಯ ಮಫ್ಲರು ಬಿಚ್ಚಿ ಮತ್ತೆ ಸುತ್ತಿಕೊಂಡ. "ಅಂಗಂದ್ರೆ, ಮುಂಚೆಯೆಲ್ಲಾ ಬತ್ತಿತ್ತಾ?"

ಅವಳಿಗೆ ಪ್ರಶ್ನೆ ತಿಳಿಯಲಿಲ್ಲ.

"ಅಲ್ಲವ್ವ, ನಾನು ಮೂವತ್ತೊಂದು ವರ್ಸದಿಂದ ಏಳ್ತಾವ್ನಿ. ನಿಮ್ಮಪ್ಪನ್ಗೂ ಏಳ್ದೆ, ನಿಂಗೂ ಏಳ್ದೆ. ಬಂತು ಅಂತ ಯಾರೂ ಅನ್ನಿಲ್ಲ, ಬರ್ನಿಲ್ಲ ಅಂತಾನೂ ಅನ್ನಿಲ್ಲ. ಇಲ್ಲಿಂದ ಓದ ನೀರು ಎಲ್ಲಿಗೋಯ್ತು ಅಂತ ನಂಗೇನು ಗೊತ್ತು."

ಇದು ಅವಳಿಗೆ ಎಂದೂ ಹೊಳೆದಿರಲಿಲ್ಲ.

"ಬರ್ತಿತ್ತು ಅಣ್ಣ," ಎಂದಳು. "ಪ್ರತಿ ಸಲಾನೂ ಬರ್ತಿತ್ತು. ಈ ವರ್ಷ ಮಾತ್ರ ಇಲ್ಲ."

ಅವನು ಎದ್ದು ಅವಳನ್ನು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋದ. ಏಳು ಮೆಟ್ಟಿಲು ನೀರಿನಲ್ಲಿದ್ದವು. ನೀರು ಕೆರೆಯ ಹಾಗೆ ಅಲುಗದೆ ನಿಂತಿತ್ತು. ಐವತ್ತು ಮಾರು ಕೆಳಗೆ, ಹೊಳೆಗೆ ಅಡ್ಡಲಾಗಿ ಹೊಸ ಸಿಮೆಂಟಿನ ಗೋಡೆ. ಹೋದ ಬೇಸಿಗೆಯಲ್ಲಿ ಕಟ್ಟಿದ ಚೆಕ್ ಡ್ಯಾಮು. ಅದು ತುಂಬುವವರೆಗೆ ಹನಿ ನೀರೂ ಮುಂದೆ ಹೋಗುವುದಿಲ್ಲ. ಒಳ್ಳೆಯ ಮಳೆ ಬಿದ್ದರೆ ಒಂಬತ್ತನೇ ಮೆಟ್ಟಿಲು ಮುಳುಗುತ್ತದೆ, ಆದರೆ ಗೋಡೆಯ ತಲೆ ಅದಕ್ಕೂ ಎರಡು ಮೆಟ್ಟಿಲು ಮೇಲಿದೆ.

"ನಿಂತ ನೀರು ಅಂತ ನಿಮಗೆ ಗೊತ್ತಾಗ್ಲಿಲ್ವಾ ಅಣ್ಣ?"

"ಗೊತ್ತಾಯ್ತು."

"ಮತ್ತೆ?"

"ನಮ್ಮಪ್ಪ ನಂಗೆ ಏಳ್ಕೊಟ್ಟಿದ್ದು ಒಂಬತ್ನೇ ಮೆಟ್ಲು. ಅರೀತೈತೋ ನಿಂತೈತೋ ನೋಡು ಅಂತ ಏಳ್ಕೊಟ್ಟಿಲ್ಲ. ಒಂಬತ್ನೇದು ಮುಳುಗ್ತು, ಏಳ್ದೆ." ಅವನು ಹೊಳೆಯನ್ನೇ ನೋಡುತ್ತಿದ್ದ. "ನನ್ನ ಬುದ್ಧಿ ಓಡ್ಸಿ ಸುಮ್ಕಿದ್ಬುಟ್ಟು, ಅಲ್ಲಿ ಕೆಳಗೆ ಯಾರಾದ್ರೂ ಓಗ್ಬುಟ್ರೆ? ಆಗ ನಾನು ಯಾರ ಮೊಕ ನೋಡ್ಲಿ?"

ಇಫ್ಫತ್‌ಳಿಗೆ ಅವನನ್ನು ಬೈಯಬೇಕು ಎನ್ನಿಸಲಿಲ್ಲ. ಬೀಗವನ್ನು ಮೂರು ಸಲ ಜಗ್ಗಿ ಬಂದ ಕೈ ಅವಳದು. ಇವನ ಜಾಗದಲ್ಲಿ ಅವಳಿದ್ದರೂ ಫೋನು ಮಾಡುತ್ತಿದ್ದಳು.

ಅವಳು ಹಾಗೆ ಯೋಚಿಸುತ್ತಿರುವಾಗ ನೀರಿನ ಮೇಲೆ ಒಂದು ಒಣಗಿದ ಎಲೆ ತಾನಾಗಿ ತಿರುಗಿತು. ಮರಿಯಯ್ಯ ತಲೆ ಎತ್ತಿದ. ಅವರ ಮೇಲೆ ಬಿಸಿಲಿತ್ತು. ಬೆಟ್ಟಗಳ ಕಡೆ ಮಾತ್ರ ಆಕಾಶ ಹಂಡೆಯ ತಳದ ಹಾಗೆ ಕಪ್ಪಾಗಿತ್ತು.

"ಮೇಲೆ ಮಳೆ ಆಗ್ಲೇ ಒಯ್ದೈತೆ," ಎಂದ.

ಅರ್ಧ ಗಂಟೆಯಲ್ಲಿ ಎಂಟನೇ ಮೆಟ್ಟಿಲು ಮುಳುಗಿತು. ನೀರಿನ ಬಣ್ಣ ಕೆಂಪಾಗುತ್ತಾ ಬಂತು. ಒಂಬತ್ತನೆಯದರ ಅಂಚಿಗೆ ನೀರು ತಾಗಿ, ಹಿಂದೆ ಸರಿದು, ಮತ್ತೆ ತಾಗಿ, ಕೊನೆಗೆ ಮೆಟ್ಟಿಲ ಮೇಲೆ ತೆಳ್ಳಗೆ ಹರಡಿತು. ಮರಿಯಯ್ಯ ಏನೂ ಹೇಳದೆ ಮೇಲಕ್ಕೆ ಹತ್ತಿದ. ಅಂಗಳದ ಕುದುರೆಕಲ್ಲಿನ ಮೇಲೆ ನಿಂತರೆ ಮಾತ್ರ ಅಲ್ಲಿ ಸಿಗ್ನಲ್ಲು ಸಿಗುತ್ತಿತ್ತು. ಕಲ್ಲು ಹತ್ತಿ, ಫೋನು ತೆಗೆದು, ಕಿವಿಗಿಟ್ಟ.

ಹಿಂದೆಯೇ ಬಂದು ಕಲ್ಲು ಹತ್ತಿದ್ದ ಇಫ್ಫತ್‌ಳ ಚೀಲದಲ್ಲಿ ಫೋನು ಹೊಡೆದುಕೊಂಡಿತು.

ಅವಳು ಅದೇ ಕಲ್ಲಿನ ಅಂಚಿನಲ್ಲಿ, ಅವನಿಂದ ಒಂದು ಮೊಳ ದೂರದಲ್ಲಿದ್ದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಆದರೆ ಫೋನು ಇಳಿಸಲಿಲ್ಲ. ಅವಳು ತೆಗೆದು ಒತ್ತಿದಳು.

"ಇಫ್ಫತ್ತಮ್ಮ, ನೀರು ಹೊಂಟೈತೆ ಕಣವ್ವ."

"ಸರಿ ಅಣ್ಣ," ಎಂದಳು.

ಇಬ್ಬರೂ ಫೋನು ಇಟ್ಟರು. ಗಂಟೆ ಎರಡು. ನಡುಛತ್ರದ ಅಡ್ಡಮರಗಳು ಮೇಲೆತ್ತಿಕೊಂಡು ನಿಂತಿದ್ದವು, ಅಲ್ಲಿ ಯಾರೂ ಇರಲಿಲ್ಲ.

ಇಫ್ಫತ್ ಚೆಕ್ ಡ್ಯಾಮಿನ ಗೋಡೆಯ ತುದಿಗೆ ಹೋಗಿ ಕೂತು ನೋಡಿದಳು. ಗೋಡೆಯ ತಲೆಗೆ ಇನ್ನೂ ಒಂದು ಗೇಣು ಬಾಕಿ. ತೆಂಗಿನ ಮಟ್ಟೆ, ಹುಲ್ಲು, ನೊರೆ ಬಂದು ಗೋಡೆಗೆ ಒತ್ತಿಕೊಳ್ಳುತ್ತಿದ್ದವು. ಸಿಮೆಂಟಿನ ಮೇಲಿದ್ದ ಒಂದು ಸೀಳನ್ನು ಗುರುತು ಮಾಡಿಕೊಂಡಳು. ಅದು ಅವಳ ಕಣ್ಣೆದುರೇ ಮುಳುಗಿತು. ನೀರಿಗೆ ಕಾಲು ಇಳಿಬಿಟ್ಟಳು. ಸೆಳೆತವಿತ್ತು. ಹತ್ತುತ್ತದೆಯೇ? ಬೆಟ್ಟದ ಮಳೆ ನಿಂತುಬಿಟ್ಟರೆ ಹತ್ತದೆಯೂ ಇರಬಹುದು. ಹತ್ತುವವರೆಗೆ ಕಾದು ನೋಡಿ ಹೇಳಬಹುದು. ಆದರೆ ಕಾಯುವ ಒಂದೊಂದು ಗಳಿಗೆಯೂ ಕೆಳಗಿನವರ ನಾಲ್ಕು ಗಂಟೆಯಿಂದ ಕಳೆದುಹೋಗುತ್ತದೆ. ಒಂಬತ್ತು ವರ್ಷ ಅವಳು ಹೇಳಿದ್ದೆಲ್ಲ ಇನ್ನೊಬ್ಬರ ಮಾತು. ಮೇಲಿಂದ ಹೇಳಿದರು ಎಂದರೆ ಮುಗಿಯುತ್ತಿತ್ತು. ಈಗ ಅವಳೇ ಮೇಲೆ ಕೂತಿದ್ದಳು.

ಮೇಲೆ ಬಂದು ಕುದುರೆಕಲ್ಲು ಹತ್ತಿ ಮೊದಲು ಹೊನ್ನಪ್ಪನಿಗೆ ಫೋನು ಮಾಡಿದಳು. ಅವನು ನಿಟ್ಟುಸಿರು ಬಿಟ್ಟು, "ಇದು ಮೂರ್ನೇ ಸಲ ಕಣಮ್ಮ. ಈ ಸಲ ಯಾರು ಏಳಿದ್ರು?" ಎಂದ.

"ಯಾರೂ ಹೇಳಿಲ್ಲ. ನಾನೇ ನೋಡಿದೀನಿ."

ಆಮೇಲೆ ಚಲುವರಾಜು. ಬೈಯುವುದಕ್ಕೆಂದು ಅವನು ಮಾಡಿದ್ದ ಫೋನುಗಳಿಂದ ಅವನ ನಂಬರು ಅವಳಲ್ಲಿ ಉಳಿದಿತ್ತು. 'ಹಾಲು' ಎಂದು ಹೆಸರು ಹಾಕಿಟ್ಟಿದ್ದಳು.

"ಏನು ಹೊಳೆ ಮೇಡಮ್ಮೋರು, ನಮ್ಮನ್ನ ನೆನುಸ್ಕೊಂಬುಟ್ರಿ?"

"ಚಲುವರಾಜಣ್ಣ, ನೀರು ಹೊರಟಿದೆ. ಆರು ಗಂಟೆ ಒಳಗೆ ಬರುತ್ತೆ. ಎರಡೂ ಕಡೆ ಗೇಟು ಇಳಿಸಬೇಕು. ನಾನು ಊರಲ್ಲಿಲ್ಲ."

"ಎಲ್ಲಿದ್ದೀಯಾ?"

"ನಾಗಮಂಗಲದ ಹತ್ತಿರ."

ಅವನ ಹಿಂದೆ ಟ್ರಾಕ್ಟರಿನ ಸದ್ದು ಕೇಳುತ್ತಿತ್ತು. "ಗೇಟ್ ಕಾಯೋಳು ಗೇಟ್ ಬುಟ್ಟು ಊರು ತಿರುಗ್ತಾವ್ಳೆ. ಗೇಟ್ ಕಿತ್ತಾಕಿ ಅಂತ ಅರ್ಜಿ ಕೊಟ್ಟೋನು ನಾನು. ನಾನೇ ಓಗಿ ಆಕ್ಬೇಕಾ? ಚೆನ್ನಾಗೈತೆ ಕಣಕ್ಕ ನಿನ್ನ ನ್ಯಾಯ."

"ಗೋಡೆ ಮೇಲೆ ನೀರು ಇನ್ನೂ ಹತ್ತಿಲ್ಲ. ಒಂದು ಗೇಣು ಬಾಕಿ. ಹತ್ತುತ್ತೆ ಅಂತ ನನಗನ್ನಿಸ್ತದೆ. ಸುಳ್ಳಾದ್ರೆ ನಾಳೆ ಅರ್ಜಿ ಇನ್ನೊಂದು ಬರಿ. ನಾನೇ ಕೆಳಗೆ ಸಹಿ ಹಾಕಿ ಬೀಗದ ಕೈ ಕೊಡ್ತೀನಿ. ಇವತ್ತು ಮಾತ್ರ ಗೇಟು ಇಳಿಸು."

ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಫೋನು ಕಟ್ಟಾಯಿತು.

ಮರಿಯಯ್ಯ ಊರ ರಸ್ತೆಯವರೆಗೂ ಬಂದು, ನಾಗಮಂಗಲಕ್ಕೆ ಹೋಗುತ್ತಿದ್ದ ಒಂದು ಗೂಡ್ಸ್ ಆಟೋ ನಿಲ್ಲಿಸಿ ಅವಳನ್ನು ಹತ್ತಿಸಿದ. ಹೊರಡುವಾಗ "ಉಸಾರು," ಎಂದಷ್ಟೇ ಅಂದ.

ಪಾಂಡವಪುರದ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಹೊರಟಿತು. ಕಾಲೇಜಿನ ಹುಡುಗಿಯರು ತುಂಬಿದ್ದರು. ಅರ್ಪಿತ ಎಂದು ಯಾರೋ ಯಾರನ್ನೋ ಕೂಗಿ ಸೀಟು ಹಿಡಿಯಲು ಹೇಳುತ್ತಿದ್ದರು. ಇಫ್ಫತ್ ಕಿಟಕಿಯ ಕಂಬಿ ಹಿಡಿದು ನಿಂತಳು. ಇವರಲ್ಲಿ ಯಾರಾದರೂ ಸೇತುವೆಯ ಆಚೆ ಊರಿನವರಿದ್ದಾರೆಯೇ ಎಂದು ಒಬ್ಬೊಬ್ಬರ ಮುಖ ನೋಡಿದಳು. ಒಂದು ಕಡೆ ರಸ್ತೆ ತಿರುಗಿದಾಗ ದೂರದಲ್ಲಿ ಹೊಳೆಯ ಸಾಲು ಮರಗಳು ಕಂಡವು, ನೀರು ಕಾಣಲಿಲ್ಲ. ಜಕ್ಕನಹಳ್ಳಿಯಲ್ಲಿ ಡ್ರೈವರು ಟೀ ಕುಡಿಯಲು ಇಳಿದ. ಅವನು ಲೋಟಕ್ಕೆ ಊದಿ ಊದಿ ಕುಡಿಯುವುದನ್ನು ಅವಳು ಮೇಲಿನಿಂದ ನೋಡಿದಳು. ಮರಿಯಯ್ಯನಿಗೆ ಫೋನು ಮಾಡಿ ಗೋಡೆಯ ಮೇಲೆ ಹತ್ತಿತೇ ಎಂದು ಕೇಳಬಹುದಾಗಿತ್ತು. ಎರಡು ಸಲ ಹೆಸರು ತೆರೆದಳು. ಹತ್ತಲಿಲ್ಲ ಎಂದುಬಿಟ್ಟರೆ ಈ ಬಸ್ಸಿನಲ್ಲಿ, ಇಷ್ಟು ಜನರ ನಡುವೆ, ಎಲ್ಲಿ ಮುಖ ಇಟ್ಟುಕೊಳ್ಳುವುದು? ಫೋನನ್ನು ಚೀಲದ ತಳಕ್ಕೆ ಹಾಕಿದಳು.

ಇಳಿದಾಗ ಐದೂವರೆ ದಾಟಿತ್ತು. ಅಲ್ಲಿಂದ ಛತ್ರಕ್ಕೆ ಒಂದು ಮೈಲಿ. ಚಪ್ಪಲಿ ಕೈಯಲ್ಲಿ ಹಿಡಿದು ಅರ್ಧ ಓಡಿ ಅರ್ಧ ನಡೆದಳು. ಕಬ್ಬಿನ ಗದ್ದೆಯ ತಿರುವಿನಲ್ಲಿ ನಿಂತು, ನೋಡಲು ಹೆದರಿ, ಕೊನೆಗೆ ನೋಡಿದಳು.

ಈಚೆ ಕಡೆಯ ಅಡ್ಡಮರ ಇಳಿದಿತ್ತು.

ಹತ್ತಿರ ಹೋಗಿ ಮುಟ್ಟಿದಳು. ಟ್ರಾಕ್ಟರಿನ ನೀಲಿ ನೈಲಾನು ಹಗ್ಗದಲ್ಲಿ, ಕಬ್ಬಿನ ಹೊರೆ ಬಿಗಿಯುವ ಗಂಟು ಹಾಕಿ ಕಟ್ಟಿದ್ದ. ಒಂದು ಸಾಲದೆ ಎರಡು ಗಂಟು. ಆಚೆ ದಡದಲ್ಲೂ ಮರ ಇಳಿದಿರುವುದು ಮಬ್ಬಿನಲ್ಲಿ ಕಂಡಿತು. ಈಚೆಯದನ್ನು ಮೊದಲು ಕಟ್ಟಿ, ಸೇತುವೆ ದಾಟಿ ಅದನ್ನೂ ಕಟ್ಟಿ ಮನೆಗೆ ಹೋಗಿದ್ದ. ಹೊಳೆಯ ಎರಡು ದಡದಲ್ಲೂ ಒಂದು ಜೀವವೂ ಇರಲಿಲ್ಲ. ಸೇತುವೆಯ ಕೆಳಗೆ ನೀರು ಪಾದ ಮುಳುಗುವಷ್ಟು, ಬೆಳಗ್ಗೆ ಇದ್ದಷ್ಟೇ.

ಅವಳು ತನ್ನ ಛತ್ರದ ಮೆಟ್ಟಿಲಿನ ಮೇಲೆ ಕೂತಳು. ಆರಾಯಿತು. ಆರೂ ಐದು. ಕೊಕ್ಕರೆಗಳು ಆಚೆಯ ಗೊಬ್ಬಳಿ ಮರಕ್ಕೆ ಬಂದು ಕೂತವು. ನಾಳೆ ಬೀಗದ ಕೈಯನ್ನು ಯಾವ ಲಕೋಟೆಯಲ್ಲಿ ಹಾಕಿ ಕೊಡುವುದು ಎಂದು ಯೋಚಿಸತೊಡಗಿದಳು. ಹೊಲಿಗೆ ಯಂತ್ರ ಹೊರಲು ಆಟೋ ಬೇಕು. ಅಪ್ಪನ ಪುಸ್ತಕವನ್ನು ಅವರು ಕೇಳುತ್ತಾರೋ, ಕೇಳದಿದ್ದರೆ ತನ್ನ ಹತ್ತಿರವೇ ಇಟ್ಟುಕೊಳ್ಳಬಹುದೋ.

ಕೊಕ್ಕರೆಗಳು ಒಮ್ಮೆಗೇ ಎದ್ದವು.

ಮೊದಲು ಸದ್ದು ಬಂತು, ದೂರದ ರಸ್ತೆಯಲ್ಲಿ ಲಾರಿಗಳು ಸಾಲಾಗಿ ಬರುವಂತೆ. ಆಮೇಲೆ ಮಣ್ಣಿನ ವಾಸನೆ. ತಿರುವಿನಲ್ಲಿ ನೊರೆಯ ಒಂದು ಗೆರೆ ಕಾಣಿಸಿಕೊಂಡು, ಮಟ್ಟೆ, ಬಾಟಲಿ, ಬೇರುಸಮೇತ ಕಿತ್ತ ಪೊದೆಗಳನ್ನೆಲ್ಲ ಮುಂದೆ ತಳ್ಳಿಕೊಂಡು ಬಂತು. ಸೇತುವೆಯ ಮೇಲೆ ಒಂದು ಸಲ ಹಾರಿ, 'ನಿಧಾನವಾಗಿ ಚಲಿಸಿ' ಎನ್ನುವ ಫಲಕವನ್ನು ಬಾಗಿಸಿ, ಅಡ್ಡಮರದ ಬುಡಕ್ಕೆ ಬಂದು ತಿರುಗಿತು. ಹತ್ತೇ ನಿಮಿಷಕ್ಕೆ ಸೇತುವೆ ಎಲ್ಲಿತ್ತೆಂದು ಹೇಳುವುದೂ ಕಷ್ಟವಾಯಿತು.

ಇಫ್ಫತ್ ಎದ್ದು ನಿಂತಳು. ಯಾರಿಗಾದರೂ ಹೇಳಬೇಕೆನ್ನಿಸಿತು. ಆಚೆ ದಡದಲ್ಲಿ ಯಾರೂ ಬಂದಿರಲಿಲ್ಲ. ಚಲುವರಾಜು ನಾಳೆ ಬರುತ್ತಾನೆ, ಹಗ್ಗ ಕೇಳುತ್ತಾನೆ, ಕೊಂಕು ಒಂದು ಆಡಿಯೇ ಆಡುತ್ತಾನೆ. ಈಗ ಇಲ್ಲ. ಚೀಲದ ತಳದಿಂದ ಫೋನು ತೆಗೆದು ಮರಿಯಯ್ಯನ ಹೆಸರು ತೆರೆದು, ಈ ಸಲ ಒತ್ತಿದಳು. ಅಲ್ಲಿ ಸಿಗ್ನಲ್ಲು ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಕುದುರೆಕಲ್ಲಿನ ಮೇಲೆ ನಿಂತ ಹೊರತು.

ಮೊದಲನೇ ರಿಂಗಿಗೇ ಎತ್ತಿದ.

"ಬಂತಾ?"

"ಬಂತು ಅಣ್ಣ."

ಮಧ್ಯಾಹ್ನ ಎರಡು ಗಂಟೆಯಿಂದ ಅವನು ಎಷ್ಟು ಸಲ ಆ ಕಲ್ಲು ಹತ್ತಿಳಿದನೋ, ಇಳಿಯಲೇ ಇಲ್ಲವೋ.

"ಎಷ್ಟೊತ್ಗೆ?"

"ಆರೂ ಹತ್ತಕ್ಕೆ."

"ಬಣ್ಣ?"

"ಕೆಂಪು. ಕೆಮ್ಮಣ್ಣು ಕಲಸಿದ ಹಾಗೆ."

"ಊಂ. ಇಲ್ಲೂ ಅಂಗೇ ಓಯ್ತು." ಕೇಳಬಾರದ್ದನ್ನು ಕೇಳುವವನ ಹಾಗೆ ದನಿ ತಗ್ಗಿಸಿದ. "ಇಫ್ಫತ್ತಮ್ಮ, ಆ ಫೋನ ಒಸಿ ಅದ್ರ ಕಡೀಕೆ ಇಡವ್ವ. ಕೇಳನ."

ಅವಳು ಎರಡು ಮೆಟ್ಟಿಲು ಇಳಿದು ಕೈ ಚಾಚಿ ಫೋನನ್ನು ನೀರಿನ ಕಡೆಗೆ ಹಿಡಿದಳು. ಕತ್ತಲಾಗುತ್ತಿತ್ತು. ಅವಳ ಒಂಬತ್ತನೇ ಮೆಟ್ಟಿಲೂ ಮುಳುಗಿ ಹತ್ತನೆಯದರ ಅಂಚಿಗೆ ನೊರೆ ತಾಗುತ್ತಿತ್ತು. ತೋಳು ನೋಯುವವರೆಗೂ ಹಿಡಿದಳು, ನೋವು ಶುರುವಾದ ಮೇಲೆ ಕೈ ಬದಲಿಸಿ ಹಿಡಿದಳು.

ಕಿವಿಗೆ ಇಟ್ಟುಕೊಂಡು "ಕೇಳಿಸ್ತಾ ಅಣ್ಣ?" ಎಂದಾಗ ಫೋನು ಕಟ್ಟಾಗಿತ್ತು. ಯಾವಾಗ ಕಟ್ಟಾಯಿತೋ, ಅವನು ಎಷ್ಟು ಕೇಳಿಸಿಕೊಂಡನೋ, ಅವಳಿಗೆ ತಿಳಿಯಲಿಲ್ಲ.